ಜುಟ್ಟು ಬಿಟ್ಟ ಆಚಾರ್ರು

ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನ ನಮ್ಮ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟದವರು ಇಬ್ಬರೇ. ಒಂದು, ಮೈಸೂರಿನಿಂದ ಬಂದಿರುವ ಅಮ್ಮ. ಇನ್ನೊಂದು, ನಮ್ಮ ನಾಯಿ ಟೋಬಿ. ಅಮ್ಮನದು ಸಂಪ್ರದಾಯ, ಟೋಬಿಯದು ಡಾಕ್ಟರ ಅಪ್ಪಣೆ. ಈರುಳ್ಳಿ ನಾಯಿಗಳ ರಕ್ತಕಣಗಳನ್ನೇ ಒಡೆದುಹಾಕುತ್ತದೆ.

ಬಂದ ಹೊಸತರಲ್ಲಿ ಅಮ್ಮ ಟೋಬಿಯನ್ನು ಕಂಡರೆ ನೆರಿಗೆ ಎತ್ತಿ ಹಿಡಿದು ಗೋಡೆಗೆ ಅಂಟಿಕೊಳ್ಳುತ್ತಿದ್ದಳು. "ನಾಯಿ ಅಂದ್ರೆ ಬಾಗಿಲಾಚೆ ಬಿದ್ದಿರ್ಬೇಕು ಕಣೋ, ಸೋಫಾ ಮೇಲಲ್ಲ." ಈರುಳ್ಳಿ ವಿಷಯ ತಿಳಿದದ್ದೇ ತಡ, ಟೋಬಿ 'ಆಚಾರ್ರು' ಆಗಿಬಿಟ್ಟ.

ಆಚಾರ್ರದು ಯಾರ್ಕ್‌ಷೈರ್ ಟೆರಿಯರ್ ತಳಿ. ತೂಕ 7 ಪೌಂಡು, ಅಂದರೆ ಮೂರು ಕಿಲೋ ಚಿಲ್ಲರೆ ದಾಟಬಾರದೆಂದು ತಳಿಯ ನಿಯಮವೇ ಇದೆ. ಪೂರ್ವಜರು 19ನೇ ಶತಮಾನದಲ್ಲಿ ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಇಲಿ ಹಿಡಿದು ಬದುಕಿದವರು. ಎರಡನೇ ಮಹಾಯುದ್ಧದಲ್ಲಿ ಸ್ಮೋಕಿ ಎಂಬ 4 ಪೌಂಡಿನ ಯಾರ್ಕಿ, ಫಿಲಿಪ್ಪೀನ್ಸ್‌ನ ವಿಮಾನನೆಲೆಯಡಿ 70 ಅಡಿ ಕೊಳವೆಯಲ್ಲಿ ನುಸುಳಿ ಟೆಲಿಫೋನ್ ತಂತಿ ದಾಟಿಸಿತ್ತು. ನಮ್ಮ ವಂಶೋದ್ಧಾರಕ ಹಿತ್ತಲಿಗೆ ಜಿಂಕೆ ಬಂದರೆ ನನ್ನ ಕಾಲಹಿಂದೆ ನಿಂತು ಗರ್ಜಿಸುತ್ತಾನೆ.

ಇವನ ಕೂದಲು ಮನುಷ್ಯರ ಕೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ಕಣ್ಣಿಗೆ ಬೀಳದಂತೆ ದಿನಾ ಬಾಚಿ, ನೆತ್ತಿಯ ಮೇಲೆ ರಬ್ಬರ್ ಬ್ಯಾಂಡ್ ಹಾಕಬೇಕು. ಆ ಕೆಲಸ ಮಾಡುವ ನನ್ನ ನೆತ್ತಿ ಮಾತ್ರ ಬಟಾಬಯಲು. "ಮನೇಲಿ ಇವನೊಬ್ಬನಾದ್ರೂ ಜುಟ್ಟು ಬಿಟ್ಟಿದಾನಲ್ಲ" ಎಂದಳು ಅಮ್ಮ. ಈ ತಳಿಯ ಶ್ವಾಸನಾಳ ಬಲು ನಾಜೂಕು. ಕತ್ತಿಗೆ ಪಟ್ಟಿ ಬಿಗಿದು ಎಳೆಯುವಂತಿಲ್ಲ, ಎದೆ ಬಳಸಿ ಹಾರ್ನೆಸ್ ಹಾಕಬೇಕು. ಅಮ್ಮ ಅದನ್ನೂ ನೋಡಿದಳು, ನನ್ನ ಬನಿಯನ್ನಿನ ಕಡೆಗೂ ನೋಡಿದಳು. ಬಾಯಿಬಿಟ್ಟು ಕೇಳಿದ್ದರೇ ವಾಸಿಯಿತ್ತು.

ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಪಾದ ಉರಿಸುತ್ತದೆ. ಹಾಗಾಗಿ ಆಚಾರ್ರು ಚೀಸ್‌ಕ್ವೇಕ್ ಪಾರ್ಕಿನಿಂದ ಬಂದವರೇ ನಾಲ್ಕೂ ಕಾಲು ತೊಳೆಸಿಕೊಂಡು ಒಳಗೆ ಬರುತ್ತಾರೆ. ನಾನು ಶೂ ಸಮೇತ ಅಡುಗೆಮನೆವರೆಗೂ ಹೋಗುವವನು. ಅಂಗೈಯಗಲದ ಮುಖದಲ್ಲಿ 42 ಹಲ್ಲು ಇಕ್ಕಟ್ಟಾಗಿ ಬೇಗ ಹಾಳಾಗುತ್ತವೆಂದು ದಿನಾ ಹಲ್ಲುಜ್ಜುವವನೂ ನಾನೇ. ಅದರ ಪೇಸ್ಟು ಕೋಳಿ ರುಚಿಯದು. ಟ್ಯೂಬಿನ ಮೇಲಿನ ಹುಂಜದ ಚಿತ್ರಕ್ಕೆ ಬ್ಯಾಂಡೇಜು ಅಂಟಿಸಿಟ್ಟಿದ್ದೇನೆ.

ದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ ಎಂದಮೇಲೆ ನಮ್ಮ ಪಾಯಸದಲ್ಲಿ ದ್ರಾಕ್ಷಿ ಮಾಯವಾಗಿದೆ. ನಲವತ್ತು ವರ್ಷದಿಂದ ಗೊಜ್ಜಿನಲ್ಲಿ ಹಾಗಲಕಾಯಿ ಬೇಡವೆಂದು ಗೋಗರೆದವನು ನಾನು. ಅದು ಇವತ್ತಿಗೂ ಇದೆ.

ಮೊನ್ನೆ ಏಕಾದಶಿ. ಆಚಾರ್ರ ಇಷ್ಟು ಪುಟ್ಟ ದೇಹ ಹಸಿದರೆ ರಕ್ತದಲ್ಲಿ ಸಕ್ಕರೆ ಇಳಿದುಬಿಡಬಹುದು ಎಂದೆ.

"ಎಳೇ ಜೀವಕ್ಕೆ ಉಪವಾಸ ಇಲ್ಲ ಕಣೋ. ಆಚಾರ್ರಿಗೆ ಮೊಸರನ್ನ ಕಲಸು."

"ನಂಗೂ ತಲೆ ಸುತ್ತತ್ತೆ ಅಮ್ಮ."

"ನಿಂಗೇನೋ ಧಾಡಿ? ಹೊಟ್ಟೆ ನೋಡ್ಕೋ ಒಂದ್ಸಲ."

ಕಲಸಿದೆ. ಬೆರಳು ನೆಕ್ಕಬೇಡ ಎಂದು ದೇವರಮನೆಯಿಂದಲೇ ಕೂಗಿದಳು.