ಇಷ್ಟು ಚಳೀಲಿ ಗುಹೆಗೆ ಯಾಕೆ ಅಂದ್ರೆ

ಇಷ್ಟು ಚಳೀಲಿ ಗುಹೆಗೆ ಯಾಕ್ರೀ ಹೋಗ್ತೀರಿ ಅಂತ ಕೇಳಿದ್ರಲ್ಲ, ಚಳಿ ಇರೋದು ಹೊರಗಡೆ ನೋಡಿ. ಅಮೆರಿಕದ ಜಾರ್ಜಿಯಾದ ಪಿಜನ್ ಬೆಟ್ಟದ ಬುಡದಲ್ಲಿ ಟೆಂಟ್ ಹಾಕಿ ಮಲಗಿದ್ರೆ ಬೆಳಗ್ಗೆ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿರುತ್ತೆ. ಅದೇ ಬೆಟ್ಟದ ಹೊಟ್ಟೆಯಲ್ಲಿರೋ ಎಲಿಸನ್ಸ್ ಗುಹೆಯೊಳಗೆ ವರ್ಷವಿಡೀ 14 ಡಿಗ್ರಿ ಆಸುಪಾಸು. ಸ್ವಲ್ಪ ದೂರ ತೆವಳೋದ್ರೊಳಗೆ ಮೈ ಬೆವರುತ್ತೆ, ಜಾಕೆಟ್ ಬಿಚ್ಚೋಣ ಅನ್ಸುತ್ತೆ.

ಆ ಗುಹೆಯಲ್ಲಿ ಫೆಂಟಾಸ್ಟಿಕ್ ಪಿಟ್ ಅಂತ ಒಂದು ಪಾತಾಳ ಇದೆ. 586 ಅಡಿ! ಜೋಗದ ರಾಜಾ 830 ಅಡಿ ಅಂತೀವಲ್ಲ, ಅದರ ಮುಕ್ಕಾಲಿಗೆ ತುಸು ಕಮ್ಮಿ. ಆದ್ರೆ ಇಲ್ಲಿ ಹೆಲ್ಮೆಟ್ಟಿನ ದೀಪ ಆರಿಸಿದ್ರೆ ನಿಮ್ಮ ಕೈ ನಿಮಗೇ ಕಾಣಲ್ಲ. ಕಾಲು ಗೋಡೆಗೆ ತಾಗೋ ಮಾತೇ ಇಲ್ಲ, ಬರೀ ಗಾಳಿಯಲ್ಲಿ ತೂಗಾಡ್ತಾ ಇಳೀಬೇಕು.

ಇಳಿಯೋಕೆ ರ‍್ಯಾಕ್ ಬೇಕು. ಉದ್ದನೆ ಕಂಬಿಗೆ ಅಡ್ಡಪಟ್ಟಿ ಕೂರಿಸಿರ್ತಾರೆ, ಹಗ್ಗ ಅವುಗಳ ಮೇಲೆ ಕೆಳಗೆ ಹಾದು ಬರುತ್ತೆ. ಮಜಾ ಕೇಳಿ: ಮೇಲಿದ್ದಾಗ ಕೆಳಗೆ ನೇತಾಡೋ ಹಗ್ಗದ ತೂಕವೇ ಹದಿನಾಲ್ಕು ಕಿಲೋ ಹತ್ತಿರ. ಆ ಭಾರವೇ ಬ್ರೇಕ್ ಹಿಡಿದ ಹಾಗಾಗಿ ನೀವು ಜಗ್ಗೋದೇ ಇಲ್ಲ. ಎಡಗೈಯಲ್ಲಿ ಪಟ್ಟಿ ಸಡಿಲಿಸಿ, ಬಲಗೈಯಲ್ಲಿ ಹಗ್ಗ ಎತ್ತಿ ಎತ್ತಿ ರ‍್ಯಾಕಿಗೆ ಉಣಿಸಬೇಕು. ಇಳೀತಾ ಇಳೀತಾ ಕೆಳಗಿನ ಹಗ್ಗ ಕಮ್ಮಿಯಾಗುತ್ತಲ್ಲ, ವೇಗ ತಾನಾಗೇ ಏರುತ್ತೆ. ಆಗ ಇನ್ನೊಂದು ಪಟ್ಟಿ ಸೇರಿಸಬೇಕು. ಅವಸರ ಮಾಡಿದ್ರೆ ಪಟ್ಟಿ ಕಾದು ಕೆಂಡ, ಹಗ್ಗವೋ ನೈಲಾನು.

ತಳ ಮುಟ್ಟಿ 'ಆಫ್ ರೋಪ್', ಅಂದ್ರೆ ಹಗ್ಗ ಬಿಟ್ಟೆ, ಅಂತ ಕೂಗಿದ್ರೆ ಮೇಲಿರೋ ಗೆಳೆಯರಿಗೆ ಬರೀ ಗುಂಯ್‌ ಅಂತ ಕೇಳುತ್ತೆ. ಅದಕ್ಕೇ ಸೀಟಿ ಊದೋ ಲೆಕ್ಕ ಮೊದಲೇ ಮಾತಾಡಿಕೊಂಡಿರ್ತೀವಿ.

ಎತ್ತರಕ್ಕೆ ಹೆದರಬೇಡಿ, ನೀರಿಗೆ ಹೆದರಿ ಅಂತ ಎಲ್ಲರಿಗೂ ಹೇಳ್ತೀನಿ. 2011ರ ಫೆಬ್ರವರಿಯಲ್ಲಿ ಇದೇ ಗುಹೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ತೀರಿಕೊಂಡರು. ಬಿದ್ದು ಅಲ್ಲ ಕಣ್ರೀ, ಜಲಧಾರೆಯ ಹತ್ತಿರ ಹಗ್ಗದಲ್ಲಿ ಸಿಕ್ಕಿಕೊಂಡು, ಮೈ ತಣ್ಣಗಾಗಿ. ನೆನೆಸಿಕೊಂಡ್ರೆ ಈಗಲೂ ಸಂಕಟ ಆಗುತ್ತೆ. ಒಣಗಿ ಕೂತಿದ್ರೆ ಹಿತ ಅನ್ನಿಸೋ 14 ಡಿಗ್ರಿ, ಮೈ ತೊಯ್ದು ಅಲ್ಲಾಡದೆ ನೇತಾಡಿದ್ರೆ ಜೀವ ತೆಗೆಯುತ್ತೆ. ಹಾಗಾಗಿ ಹತ್ತಿ ಬಟ್ಟೆ ಬೇಡವೇ ಬೇಡ, ಉಣ್ಣೆ ಇರಲಿ. ಮಳೆ ಸುರಿದಿದ್ರೆ ಬೂಟು ಕಟ್ಟೋದೇ ಬೇಡ, ಟೆಂಟಿನಲ್ಲೇ ಕಾಫಿ ಕಾಸಿಕೊಂಡು ಹರಟೆ ಹೊಡೆಯೋಣ.

ಹಾಂ, ಚಳಿಗಾಲದಲ್ಲಿ ಬಾವಲಿಗಳು ಒಳಗೆ ದೀರ್ಘನಿದ್ದೆಯಲ್ಲಿರುತ್ವೆ. ಎಬ್ಬಿಸಿದ್ರೆ ಚಳಿ ಕಳೆಯೋಕೆ ಕೂಡಿಟ್ಟ ಕೊಬ್ಬು ಕರಗಿಹೋಗುತ್ತೆ. ಮೊದಲೇ ಬಿಳಿಮೂಗಿನ ರೋಗ ಲಕ್ಷಗಟ್ಟಲೆ ಬಾವಲಿಗಳನ್ನ ಬಲಿ ತಗೊಂಡಿದೆ. ಕಂಡ್ರೆ ದೀಪ ತಿರುಗಿಸಿ ಸದ್ದಿಲ್ಲದೆ ದಾಟಿಬಿಡಬೇಕು. ಆ ರೋಗ ನಮ್ಮಿಂದ ಇನ್ನೊಂದು ಗುಹೆಗೆ ಹರಡಬಾರದಲ್ಲ, ಮನೆಗೆ ಬಂದಮೇಲೆ ಹಗ್ಗ, ಬೂಟು ಎಲ್ಲಾ ತೊಳೆದು ಶುದ್ಧಿ ಮಾಡಲೇಬೇಕು.

ನಿಮ್ಮ ಮಗ ಬರ್ತೀನಿ ಅಂತಿದಾನಲ್ಲ, ಬರಲಿ. ಆದ್ರೆ ಮೊದಲು ನಮ್ಮ ಹಿತ್ತಲ ಓಕ್ ಮರಕ್ಕೆ ಹಗ್ಗ ಕಟ್ಟಿ ಕಲಿಸ್ತೀನಿ. ಇಳಿಯೋದಲ್ಲ, ಅರ್ಧ ಇಳಿದವನು ಅಲ್ಲೇ ನಿಂತು, ಹಗ್ಗ ಹತ್ತೋ ಅಸೆಂಡರ್ ಹಾಕ್ಕೊಂಡು, ಆಮೇಲೆ ರ‍್ಯಾಕ್ ಬಿಡಿಸಿ ವಾಪಸ್ ಹತ್ತೋದು. ಕತ್ತಲಲ್ಲಿ, ಕೈಗವಸು ಹಾಕ್ಕೊಂಡು. ಶನಿವಾರ ಸಂಜೆ ಕಳಿಸಿ.