ಮಾಡ್‌ಚಿಪ್ ಪಾಠಭೇದ ಮೀಮಾಂಸೆ

ಪಾಠಭೇದವಿಲ್ಲದ ಹಳೆಯ ಕೃತಿ ಸಿಗುವುದು ಅಪರೂಪ. ಲಿಪಿಕಾರ ನಿದ್ದೆಗಣ್ಣಿನಲ್ಲಿ ಒಂದು ಸಾಲು ಹಾರಿಸಿರುತ್ತಾನೆ, 'ಪ'ಕಾರವನ್ನು 'ಷ'ಕಾರವೆಂದು ಓದಿರುತ್ತಾನೆ, ಹುಳು ತಿಂದ ತೂತಿನ ಜಾಗದಲ್ಲಿ ತನಗೆ ತೋಚಿದ್ದನ್ನು ತುಂಬಿರುತ್ತಾನೆ. ಇಂಥವನ್ನೆಲ್ಲ ಪತ್ತೆ ಹಚ್ಚುವುದಕ್ಕೆ ಗ್ರಂಥಸಂಪಾದನೆ ಎಂಬ ಶಾಸ್ತ್ರವಿದೆ, ಡಿ.ಎಲ್. ನರಸಿಂಹಾಚಾರ್ ಕನ್ನಡದಲ್ಲಿ ಅದಕ್ಕೊಂದು ಪುಸ್ತಕವನ್ನೇ ಬರೆದುಕೊಟ್ಟಿದ್ದಾರೆ. ಆದರೆ ಆ ಶಾಸ್ತ್ರದ ಕಣ್ಣಿಗೆ ಬೀಳದೆ ಉಳಿದ ಕೃತಿರಾಶಿಯೊಂದಿದೆ: ಗೇಮ್ ಕನ್ಸೋಲುಗಳ ಹೊಟ್ಟೆಯೊಳಗೆ ಕಂಪನಿಗೆ ತಿಳಿಯದಂತೆ ಬೆಸೆಯುವ ಮಾಡ್‌ಚಿಪ್. ಇಲ್ಲಿ ಮೂಲಪ್ರತಿ ಎಂದರೆ ಚಿಪ್ಪಿಗೆ ಬರೆಯಬೇಕಾದ ಸಂಕೇತಗಳಿರುವ ಹೆಕ್ಸ್ ಫೈಲ್, ಓಲೆಗರಿ ಎಂದರೆ ಚಿಪ್, ಲಿಪಿಕಾರ ಎಂದರೆ ಪ್ರೋಗ್ರಾಮರ್ ಎಂಬ ಸಣ್ಣ ಪೆಟ್ಟಿಗೆ. ನಕಲು ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸುವ ಸಂಪಾದಕನಿಗೆ ವೆರಿಫೈ ಎಂದು ಹೆಸರು. ಆತ 'ವೆರಿಫಿಕೇಶನ್ ಎರರ್' ಎಂದು ಕೂಗಿದ ಕೂಡಲೇ ಏಳುವ ಹಾಹಾಕಾರವೇ ಪ್ರಸ್ತುತ ಪ್ರಬಂಧದ ವಸ್ತು.

ಮೊದಲು ಕೃತಿಯ ಪರಿಚಯ. ಸೋನಿಯ ಪ್ಲೇಸ್ಟೇಷನ್ 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅದರ ಅಸಲಿ ಡಿಸ್ಕಿನ ಒಳಭಾಗದಲ್ಲಿ, ಆಟ ಶುರುವಾಗುವ ಮುಂಚಿನ ಜಾಗದಲ್ಲಿ, ತೋಡು ಸ್ವಲ್ಪ ಓಲಾಡುತ್ತದೆ. ಆ ಓಲಾಟದಲ್ಲಿ ನಾಲ್ಕು ಅಕ್ಷರ ಅಡಗಿವೆ: ಜಪಾನಿನ ಡಿಸ್ಕಿಗೆ ಎಸ್-ಸಿ-ಇ-ಐ, ಅಮೆರಿಕದ್ದಕ್ಕೆ ಎಸ್-ಸಿ-ಇ-ಎ, ಯುರೋಪಿನದಕ್ಕೆ ಎಸ್-ಸಿ-ಇ-ಇ. ಒಂದು ಸಂಪ್ರದಾಯದ ಮಂತ್ರ ಇನ್ನೊಂದರ ಯಂತ್ರಕ್ಕೆ ಪಥ್ಯವಲ್ಲ. ಮನೆಯ ಸಿ.ಡಿ. ಬರ್ನರ್ ಆಟವನ್ನೆಲ್ಲ ನಕಲು ಮಾಡಬಲ್ಲದು, ಓಲಾಟವನ್ನು ಮಾತ್ರ ಮಾಡಲಾರದು. ಆಗ ಡಿಸ್ಕಿನ ಪರವಾಗಿ ಮಾಡ್‌ಚಿಪ್ಪೇ ಆ ನಾಲ್ಕಕ್ಷರ ಜಪಿಸುತ್ತದೆ. ವೇಗ ಸೆಕೆಂಡಿಗೆ 250 ಬಿಟ್. ಆದಿ ಅಂತ್ಯದ ಬಿಟ್ಟುಗಳು ಸೇರಿ ಒಂದು ಆವೃತ್ತಿಗೆ 44 ಬಿಟ್, ಅಂದರೆ 176 ಮಿಲಿಸೆಕೆಂಡ್. ಪಂಚಾಕ್ಷರಿ, ಷಡಕ್ಷರಿಗಳ ಸಾಲಿನಲ್ಲಿ ಇದನ್ನು ಚತುರಕ್ಷರಿ ಎಂದು ಸೇರಿಸಲು ವಿದ್ವಾಂಸರ ಅಡ್ಡಿ ಇರಲಾರದು.

ನಾಲ್ಕಕ್ಷರ ನಕಲು ಮಾಡುವುದರಲ್ಲಿ ತಪ್ಪಲು ಏನಿದೆ ಎಂದು ಪೂರ್ವಪಕ್ಷಿ ಕೇಳಬಹುದು. ಏನಿಲ್ಲ ಎಂದು ಕೇಳಿದ್ದರೆ ಉತ್ತರ ಸುಲಭವಾಗುತ್ತಿತ್ತು.

ಈ ಕೃತಿಯ ಆದಿಕಾಲದ ಗರಿಗಳಲ್ಲಿ ಪ್ರಸಿದ್ಧವಾದದ್ದು ಮೈಕ್ರೋಚಿಪ್ ಕಂಪನಿಯ ಪಿಕ್ 12ಸಿ508. ಎಂಟು ಕಾಲು, 512 ಪದ, ಪದಕ್ಕೆ 12 ಬಿಟ್. ಕಟ್ಟುನಿಟ್ಟಾಗಿ ನೋಡಿದರೆ ಇದು ಅಳಿಸಿ ಮತ್ತೆ ಬರೆಯಬಹುದಾದ ಫ್ಲ್ಯಾಶ್ ಸ್ಮೃತಿಯೇ ಅಲ್ಲ, ಒಮ್ಮೆ ಮಾತ್ರ ಬರೆಯಬಹುದಾದ ಜಾತಿ. ಆದರೆ ಮೀಮಾಂಸಕರು ಇಂಥ ಅಲ್ಪ ಕಾರಣಕ್ಕೆ ಪ್ರಬಂಧ ನಿಲ್ಲಿಸುವವರಲ್ಲ. ಇದರ ವೈಶಿಷ್ಟ್ಯವೆಂದರೆ ಪಾರಾಯಣ ಕೊನೆಯಿಂದ ಶುರುವಾಗುವುದು. ಕರೆಂಟು ಕೊಟ್ಟಾಗ ಚಿಪ್ ಮೊದಲು ಓದುವುದು ಕಟ್ಟಕಡೆಯ ಪದವನ್ನು. ಅಲ್ಲಿಂದ ಸುತ್ತಿಕೊಂಡು ಸೊನ್ನೆಗೆ ಬರುತ್ತದೆ. ಆ ಕೊನೆಯ ಪದದಲ್ಲಿ ಕಾರ್ಖಾನೆಯವರು ಒಂದು ಅಂಕಿ ಬರೆದಿರುತ್ತಾರೆ: ಚಿಪ್ಪಿನೊಳಗಿನ 4 ಮೆಗಾಹರ್ಟ್ಸ್ ಗಡಿಯಾರಕ್ಕೆ ಆ ಚಿಪ್ಪಿಗಷ್ಟೇ ಹೊಂದುವ ತಿದ್ದುಪಡಿ. ಯಾರದೋ ಚಿಪ್ಪಿನಿಂದ ಇಳಿಸಿದ ಹೆಕ್ಸ್ ಫೈಲಿನಲ್ಲಿ ಆ ಇನ್ನೊಂದು ಚಿಪ್ಪಿನ ಅಂಕಿ ಇರುತ್ತದೆ. ಅದನ್ನು ಇದರ ಮೇಲೆ ಬರೆದರೆ ಎರಡೂ ಬೆರೆತು ಮೂರನೆಯದೊಂದು ಹುಟ್ಟುತ್ತದೆ, ಸಂಪಾದಕ ಕೊನೆಯ ಪದದಲ್ಲಿ ದೋಷ ಎನ್ನುತ್ತಾನೆ. ಮಂತ್ರ ಸರಿಯಿದ್ದರೂ ಲಯ ಕೆಡಬಹುದು; ಲಯ ಕೆಟ್ಟರೆ ಪ್ಲೇಸ್ಟೇಷನ್ ಒಲಿಯುವುದಿಲ್ಲ.

ಮುಂದೆ ಬಂದ ಪಿಕ್ 12ಎಫ್629ರಲ್ಲಿ ಅಸಲಿ ಫ್ಲ್ಯಾಶ್ ಇದೆ, 1,024 ಪದ. ತಿದ್ದುಪಡಿಯ ಅಂಕಿ ಇಲ್ಲೂ ಕೊನೆಯ ಪದದಲ್ಲೇ. ಪೂರ್ತಿ ಅಳಿಸಿದರೆ ಅದೂ ಅಳಿಯುತ್ತದೆ, ಒಳ್ಳೆಯ ಪ್ರೋಗ್ರಾಮರ್ ಮೊದಲೇ ಓದಿಟ್ಟುಕೊಂಡು ಮರಳಿ ಬರೆಯುತ್ತದೆ. ಫೈಲಿನಲ್ಲಿ ಆ ಜಾಗ ಖಾಲಿ, ಚಿಪ್ಪಿನಲ್ಲಿ ಅಂಕಿಯಿದೆ, ಆದ್ದರಿಂದ ಹೋಲಿಕೆ ತಪ್ಪುತ್ತದೆ. 1,023 ಪದ ಸರಿಯಾಗಿ ಕೊನೆಯದೊಂದೇ ಹೊಂದದಿದ್ದರೆ ಅದು ದೋಷವಲ್ಲ, ಸೌಭಾಗ್ಯ. ಅದನ್ನು ಕಂಡು ಹೌಹಾರಿ ಮತ್ತೆ ಮತ್ತೆ ಅಳಿಸಿ, ಇದ್ದ ಒಂದು ಅಂಕಿಯನ್ನೂ ಕಳೆದುಕೊಂಡವರ ಪರಂಪರೆ ದೀರ್ಘವಾಗಿದೆ.

ದೋಷದ ಕಾರಣದ ಬಗ್ಗೆ ಪಂಡಿತರಲ್ಲಿ ಮೂರು ಪಂಥ. ಬೆಸುಗೆವಾದಿಗಳ ಪ್ರಕಾರ ಸಕಲ ದುಃಖಕ್ಕೂ ಸರಿಯಾಗಿ ಕರಗಿ ಅಂಟದ ಬೆಸುಗೆ, ಅಂದರೆ ಕೋಲ್ಡ್ ಸೋಲ್ಡರೇ ಮೂಲ. ಇವರ ಸೋಲ್ಡರಿಂಗ್ ಐರನ್ ಸದಾ ಬಿಸಿ. ಕೇಬಲ್‌ವಾದಿಗಳು ವೈರನ್ನು ಗಿಡ್ಡ ಮಾಡುತ್ತ ಮಾಡುತ್ತ ಕೊನೆಗೆ ಚಿಪ್ಪನ್ನು ಕಂಪ್ಯೂಟರಿನೊಳಗೇ ಇಡಬೇಕಾದ ಸ್ಥಿತಿಗೆ ಬರುತ್ತಾರೆ. ಮೂರನೆಯವರು ಪುನರಪಿವಾದಿಗಳು: 'ಇನ್ನೊಂದ್ಸಲ ಒತ್ತಿ ನೋಡು.' ಅನುಯಾಯಿಗಳ ಸಂಖ್ಯೆಯಲ್ಲಿ ಇದೇ ಅತಿ ದೊಡ್ಡ ಪಂಥ, ಇವರ ಪ್ರಮಾಣ ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ, ಬರೀ ಹಟ. ಮೂವರೂ ಮಾಡದ ಕೆಲಸ ಒಂದಿದೆ: ಎರರ್ ಮೆಸೇಜನ್ನು ಕೊನೆಯವರೆಗೆ ಓದುವುದು. ಅದು ಬರೀ ತಪ್ಪಾಯಿತು ಎಂದು ಅಳುವುದಿಲ್ಲ. ಯಾವ ವಿಳಾಸದಲ್ಲಿ, ಏನಿರಬೇಕಿತ್ತು, ಏನಿದೆ ಎಂದು ಮೂರು ಮಾತು ಹೇಳುತ್ತದೆ. ಈ ಇಡೀ ವ್ಯವಹಾರದಲ್ಲಿ ಸುಳ್ಳು ಹೇಳದ ಪಾತ್ರ ಅದೊಂದೇ ಇರಬಹುದು.

ಸಿಕ್ಕಿದ್ದೆಲ್ಲ ಎಫ್‌ಎಫ್ ಆಗಿದ್ದರೆ ಗರಿಯ ಮೇಲೆ ಏನೂ ಬರೆದೇ ಇಲ್ಲ, ಇಲ್ಲವೇ ಚಿಪ್ಪಿನ ಉತ್ತರ ಪ್ರೋಗ್ರಾಮರಿಗೆ ತಲುಪುತ್ತಲೇ ಇಲ್ಲ. ಏಕೆಂದರೆ ಅಳಿಸಿದ ಫ್ಲ್ಯಾಶಿನಲ್ಲಿ ಎಲ್ಲ ಬಿಟ್ಟೂ 1. ಬರೆಯುವುದೆಂದರೆ ಬೇಕಾದ ಕಡೆ 1ನ್ನು 0 ಮಾಡುವುದು; ಕಂಟದಿಂದ ಗೀರಿದ ಗರಿಯ ಹಾಗೆ 0ಯನ್ನು ಮರಳಿ 1 ಮಾಡಲು ಬರುವುದಿಲ್ಲ, ಇಡೀ ಭಾಗವನ್ನೇ ಅಳಿಸಬೇಕು. ತೋಷಿಬಾದ ಫ್ಯುಜಿಯೊ ಮಸುಒಕ 1984ರಲ್ಲಿ ಈ ಸ್ಮೃತಿಯನ್ನು ಲೋಕಕ್ಕೆ ಪರಿಚಯಿಸಿದಾಗಿನಿಂದ ಇದೇ ನಿಯಮ. ಅಳಿಸದೆ ಬರೆದರೆ ಸೊಗಸಾದ ಮಿಶ್ರಕಾವ್ಯವೊಂದು ಸಿಗುತ್ತದೆ. ಹಳೆಯದು 00111100, ಹೊಸದು 01011010 ಎಂದಿಟ್ಟುಕೊಳ್ಳಿ. ಚಿಪ್ಪಿನಲ್ಲಿ ಉಳಿಯುವುದು 00011000. ಇಬ್ಬರು ಕವಿಗಳೂ ಒಪ್ಪಿದ 1 ಮಾತ್ರ ಬದುಕುತ್ತದೆ. ಆದ್ದರಿಂದ ಸಿಕ್ಕಿದ ಬೈಟುಗಳಲ್ಲಿ ಎಲ್ಲೂ ಹೆಚ್ಚಿನ 1 ಇಲ್ಲದೆ, ಹೆಚ್ಚಿನ 0 ಮಾತ್ರ ಕಂಡರೆ, ಬರೆದವರು ಬೆಸುಗೆಯನ್ನು ಶಂಕಿಸುವ ಮೊದಲು 'ಇರೇಸ್' ಗುಂಡಿ ಒತ್ತಿದ್ದೆವೇ ಎಂದು ಆತ್ಮಶೋಧನೆ ಮಾಡಿಕೊಳ್ಳಬೇಕು.

ಸಿಕ್ಕಿದ್ದೆಲ್ಲ ಸೊನ್ನೆಯಾಗಿದ್ದರೆ ಕಥೆ ಬೇರೆ. ಪಿಕ್ ಚಿಪ್ಪಿನಲ್ಲಿ ಕೋಡ್ ಪ್ರೊಟೆಕ್ಟ್ ಎಂಬ ಬಿಟ್ ಇದೆ. ಅದನ್ನು ಹಾಕಿದರೆ ಚಿಪ್ ತನ್ನೊಳಗಿನದ್ದನ್ನು ಯಾರಿಗೂ ತೋರಿಸುವುದಿಲ್ಲ, ಕೇಳಿದವರಿಗೆಲ್ಲ ಸೊನ್ನೆ ಕೊಡುತ್ತದೆ. ಕದ್ದ ವಿದ್ಯೆಯನ್ನು ಇನ್ನೊಬ್ಬ ಕದಿಯಬಾರದೆಂದು ಚಿಪ್ ಮಾರುವವರು ಈ ಬೀಗ ಹಾಕುತ್ತಿದ್ದರು. ಇದರ ನೈತಿಕ ವಿವೇಚನೆಗೆ ಪ್ರತ್ಯೇಕ ಪ್ರಬಂಧವೇ ಬೇಕು. ಬರೆದ ಕೂಡಲೇ ಬೀಗ ಹಾಕಿ, ಆಮೇಲೆ ಸಂಪಾದಕನನ್ನು ಓದಲು ಕಳಿಸಿದರೆ ಆತ ಬಾಗಿಲಲ್ಲೇ ನಿಂತು ದೋಷ ಎನ್ನುತ್ತಾನೆ. 12ಸಿ508ರಲ್ಲಿ ಇದಕ್ಕೆ ಒಂದು ವಿಶೇಷ ಲಕ್ಷಣವಿದೆ: ಮೊದಲ 64 ಪದ ಬೀಗವಿದ್ದರೂ ಓದಲು ಸಿಗುತ್ತವೆ. ಹಾಗಾಗಿ ವಿಳಾಸ 63ರವರೆಗೆ ಎಲ್ಲ ಸರಿಯಾಗಿ 64ರಿಂದ ಸೊನ್ನೆಗಳ ಸಾಲು ಶುರುವಾದರೆ ನಕಲು ಕೆಟ್ಟಿದೆ ಎನ್ನುವ ಮೊದಲು ಬೀಗವನ್ನು ಶಂಕಿಸಬೇಕು.

ಪ್ರತಿ ಸಲ ಓದಿದಾಗಲೂ ಬೇರೆ ಬೇರೆ ಜಾಗದಲ್ಲಿ ತಪ್ಪಿದರೆ ಪಾಠ ಕೆಟ್ಟಿಲ್ಲ, ಓದುವವನ ಕಣ್ಣು ಮಂಜಾಗಿದೆ. ಇಲ್ಲಿ ಪುನರಪಿವಾದಿಗಳಿಗೆ ಅರ್ಧ ಅಂಕ ಕೊಡಬೇಕು, ಎರಡು ಸಲ ಓದದೆ ಈ ಭೇದ ತಿಳಿಯುವುದಿಲ್ಲ. ಈ ಮಂಜಿಗೆ ಹಲವು ಸಲ ಕರೆಂಟಿನ ಕೊರತೆಯೇ ಕಾರಣ: ಪಿಕ್ ಬರೆಯಲು ಒಂದು ಪಿನ್ನಿಗೆ 13 ವೋಲ್ಟ್ ಆಸುಪಾಸು ಬೇಕು. ಸೀರಿಯಲ್ ಪೋರ್ಟಿನಿಂದಲೇ ಕರೆಂಟು ಎಳೆದುಕೊಳ್ಳುವ ಜೆಡಿಎಂ ಎಂಬ ಅಗ್ಗದ ಪ್ರೋಗ್ರಾಮರ್ ಮೇಜಿನ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು, ಲ್ಯಾಪ್‌ಟಾಪಿನ ಬಡಕಲು ಪೋರ್ಟಿನಲ್ಲಿ ಅರ್ಧಕ್ಕೇ ಉಸಿರು ಬಿಡುತ್ತಿತ್ತು. ಮೈಕ್ರೋಚಿಪ್ ಕಂಪನಿಯಂತೂ ಉತ್ಪಾದನಾ ದರ್ಜೆಯ ಪ್ರೋಗ್ರಾಮರ್ ಅತಿ ಕಡಿಮೆ ವೋಲ್ಟೇಜಿನಲ್ಲಿ ಒಮ್ಮೆ, ಅತಿ ಹೆಚ್ಚಿನದರಲ್ಲಿ ಒಮ್ಮೆ ಹೋಲಿಸಿ ನೋಡಬೇಕೆಂದು ವಿಧಿಸಿದೆ. ಮನೆಯ ಮೇಜಿನ ಮೇಲೆ ಯಾರೂ ಪಾಲಿಸದ ಶಾಸ್ತ್ರವಿಧಿಗಳಲ್ಲಿ ಇದೂ ಒಂದು.

ಅದೇ ಪ್ಲೇಸ್ಟೇಷನ್ನಿಗೆ ಈಗ ಪಿಎಸ್‌ನೀ ಎಂಬ ಮುಕ್ತ ಕೃತಿಯಿದೆ, ಎಟಿಟೈನಿ85 ಚಿಪ್ಪಿಗೂ ಬರೆಯಬಹುದು. ನಾಲ್ಕಕ್ಷರಕ್ಕೆ 8,192 ಬೈಟಿನ ಗರಿ! ಹೊಸ ಎಟಿಟೈನಿ 1 ಮೆಗಾಹರ್ಟ್ಸಿನಲ್ಲಿ ನಡೆಯುವಂತೆ ಬರುತ್ತದೆ, ಬರೆಯುವ ವೇಗ ಅದರ ಕಾಲು ಭಾಗಕ್ಕಿಂತ ಕಡಿಮೆ ಇರಬೇಕೆಂದು ಡೇಟಾಶೀಟ್ ಹೇಳುತ್ತದೆ, ಅಂದರೆ 250 ಕಿಲೋಹರ್ಟ್ಸ್ ಒಳಗೆ. ಯುಎಸ್‌ಬಿ ಎಎಸ್‌ಪಿ ಪ್ರೋಗ್ರಾಮರ್ ತಾನಾಗಿ ಬರೆಯುವುದು 375ರಲ್ಲಿ. ಲಿಪಿಕಾರ ಓಡುತ್ತಾನೆ, ಗರಿ ಹಿಂದುಳಿಯುತ್ತದೆ. ಅವ್ರ್‌ಡ್ಯೂಡ್ ತಂತ್ರಾಂಶಕ್ಕೆ 'ಮೈನಸ್ ಬಿ 10' ಎಂದು ಸೇರಿಸಿದರೆ ವೇಗ 100 ಕಿಲೋಹರ್ಟ್ಸಿನ ಸುತ್ತ ಇಳಿಯುತ್ತದೆ, ಬಹುತೇಕ ಜಗಳ ಅಲ್ಲಿಗೆ ಮುಗಿಯುತ್ತದೆ. ಚಿಪ್ಪಿನ ಕರೆಂಟಿನ ಕಾಲುಗಳ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಉಳಿದದ್ದೂ ಮುಗಿಯಬಹುದು. ಕೆಲವೇ ರೂಪಾಯಿಯ ವಸ್ತುವಿನಿಂದ ವಾದ ಮುಗಿಯುವುದು ಪಂಡಿತರಿಗೆ ಇಷ್ಟವಿಲ್ಲ ಎಂಬುದು ಬೇರೆ ಮಾತು.

ಇನ್ನು ಮೈಕ್ರೋಸಾಫ್ಟ್ ಸಂಪ್ರದಾಯ. 2001ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಂದ ಮೊದಲ ಎಕ್ಸ್‌ಬಾಕ್ಸಿನ ಬೋರ್ಡಿನಲ್ಲಿ ಎಲ್‌ಪಿಸಿ ಎಂಬ ಕಿಂಡಿಯಿದೆ. ಒಂದು ಬಿಂದುವನ್ನು ಗ್ರೌಂಡಿಗೆ ಸೇರಿಸಿದರೆ ಯಂತ್ರ ತನ್ನ ಸ್ವಂತ ಗ್ರಂಥ ಬಿಟ್ಟು ಆ ಕಿಂಡಿಯಲ್ಲಿ ಕೂತ ಫ್ಲ್ಯಾಶನ್ನು ಓದುತ್ತದೆ. ಎಸ್‌ಎಸ್‌ಟಿ ಕಂಪನಿಯ 49ಎಲ್‌ಎಫ್020, ಅಂದರೆ 256 ಕಿಲೋಬೈಟಿನ ಒಂದೇ ಚಿಪ್ಪಿಗೆ ಕೆಲವು ವೈರು ಬೆಸೆದು ಅತಿ ಅಗ್ಗದ ಮಾಡ್‌ಚಿಪ್ ಮಾಡುತ್ತಿದ್ದರು. ಇದಕ್ಕೊಬ್ಬ ದಾಯಾದಿ ಇದ್ದಾನೆ: 49ಎಲ್‌ಎಫ್020ಎ. ಗಾತ್ರ ಅದೇ, ರೂಪ ಅದೇ, ಅಂಗಡಿಯಲ್ಲಿ ಕೇಳಿದರೆ 'ಎರಡೂ ಒಂದೇ ಸಾರ್'. ಚಿಪ್ಪನ್ನೇ ಕೇಳಿದರೆ ಒಂದು ತನ್ನ ಗುರುತು 61 ಎನ್ನುತ್ತದೆ, ಇನ್ನೊಂದು 52. 61 ಮಾತ್ರ ಬಲ್ಲ ತಂತ್ರಾಂಶ 52ನ್ನು ಕಂಡು ಅಪರಿಚಿತ ಎನ್ನುತ್ತದೆ. ಬಲವಂತ ಮಾಡಿ ಬರೆಸಿದರೆ ವೆರಿಫೈ ಸೋಲಬಹುದು. ಬಾಲದ ಒಂದು 'ಎ' ಓದದ ಕಾರಣಕ್ಕೆ ಬೋರ್ಡಿನ ತಾಮ್ರ ಕಿತ್ತುಬರುವವರೆಗೆ ಬೆಸುಗೆ ಮಾಡಿದ ಬೆಸುಗೆವಾದಿಗಳ ಪಾಪ ಯಾವ ಲೆಕ್ಕಕ್ಕೆ ಹೋಗುತ್ತದೋ!

ಪ್ರಕ್ಷಿಪ್ತದ, ಅಂದರೆ ಹೊರಗಿನಿಂದ ತಂದು ಸೇರಿಸಿದ ಪಾಠದ, ಉದಾಹರಣೆಯೂ ಇದೇ ಯಂತ್ರದಲ್ಲಿದೆ. ಆಗ ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ 'ಬನ್ನಿ' ಹುವಾಂಗ್ ಎಕ್ಸ್‌ಬಾಕ್ಸಿನ ಫ್ಲ್ಯಾಶನ್ನು ಪೂರ್ತಿ ಓದಿ ನೋಡಿದರೆ ಅದರ ತುದಿಯಲ್ಲಿದ್ದ ಆರಂಭಸಂಹಿತೆ ಅಸಲಿಯೇ ಅಲ್ಲ. ನಿಜವಾದ 512 ಬೈಟು ಇನ್ನೊಂದು ಚಿಪ್ಪಿನ ಒಳಗೆ ಅಡಗಿತ್ತು. ಅದನ್ನು ಆತ 2002ರಲ್ಲಿ ಬೋರ್ಡಿನ ತಂತಿಗಳ ಮೇಲೆ ಹರಿಯುವಾಗ ಕದ್ದು ಕೇಳಿದ. ಎರಡು ಪ್ರತಿ ಹೊಂದಿದ ಮಾತ್ರಕ್ಕೆ ಪಾಠ ಶುದ್ಧವೆಂದು ಹೇಳಲಾಗದು ಎಂಬುದಕ್ಕೆ ಇಷ್ಟು ಸಾಕು: ವೆರಿಫೈ ಗೆದ್ದರೆ ಚಿಪ್ಪು ಫೈಲಿನಂತಿದೆ ಎಂದಷ್ಟೇ ಅರ್ಥ, ಫೈಲೇ ತಪ್ಪಾಗಿದ್ದರೆ ಸಂಪಾದಕ ಹೊಣೆಯಲ್ಲ. ಎಕ್ಸ್‌ಬಾಕ್ಸ್ 360ರಲ್ಲಿ ಇನ್ನೊಂದು ಬಗೆಯ ತೊಡಕು. ಅದರ ಹಲವು ಮಾದರಿಗಳಲ್ಲಿರುವ 16 ಮೆಗಾಬೈಟಿನ ನ್ಯಾಂಡ್ ಫ್ಲ್ಯಾಶಿನ 1,024 ಬ್ಲಾಕುಗಳಲ್ಲಿ ಕೆಲವು ಕಾರ್ಖಾನೆಯಿಂದಲೇ ಕೆಟ್ಟು ಬಂದಿರಬಹುದು. ಎರಡು ಸಲ ಓದಿ, ಎರಡೂ ಪ್ರತಿ ಹೊಂದಿದ ಮೇಲೆ ಮೂಲವನ್ನು ಜೋಪಾನವಾಗಿ ಎತ್ತಿಟ್ಟೇ ಬರೆಯಬೇಕು. ಆ ಪ್ರತಿ ಆ ಯಂತ್ರಕ್ಕೆ ಮಾತ್ರ ಸಲ್ಲುತ್ತದೆ, ನೆರೆಮನೆಯಿಂದ ಕಡ ತರಲು ಬರುವುದಿಲ್ಲ.

ಧರ್ಮಶಾಸ್ತ್ರ ಏನು ಹೇಳುತ್ತದೆ? ದೇಶಾಚಾರ ಬೇರೆ ಬೇರೆ. ಆಸ್ಟ್ರೇಲಿಯಾದ ಸರ್ವೋಚ್ಚ ಪೀಠವಾದ ಹೈಕೋರ್ಟ್ 2005ರ ಅಕ್ಟೋಬರಿನಲ್ಲಿ ಸ್ಟೀವನ್ಸ್ ಮತ್ತು ಸೋನಿ ನಡುವಿನ ಮೊಕದ್ದಮೆಯಲ್ಲಿ ಮಾಡ್‌ಚಿಪ್ಪಿನವನ ಪರ ತೀರ್ಪಿತ್ತಿತು. ಸೋನಿಯ ನಾಲ್ಕಕ್ಷರ ಡಿಸ್ಕಿನ ನಕಲನ್ನು ತಡೆಯುವುದಿಲ್ಲ, ನಕಲಾದದ್ದನ್ನು ಆಡದಂತೆ ಮಾಡುತ್ತದೆ ಅಷ್ಟೇ ಎಂಬುದು ವಾದದ ತಿರುಳು. ಯಾವ ತರ್ಕಶಾಸ್ತ್ರಿಯೂ ಮೆಚ್ಚುವ ಭೇದ. ಮರುವರ್ಷವೇ ಅಲ್ಲಿನ ಸಂಸತ್ತು ಕಾಯ್ದೆ ತಿದ್ದಿತು. ನಮ್ಮಲ್ಲಿ 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಇಲ್ಲೂ ಕಲಂ ಸಂಖ್ಯೆಯ ಬಾಲದಲ್ಲಿ ಒಂದು 'ಎ' ಇದೆ ಎಂಬುದನ್ನು ಪ್ರಬಂಧಕಾರರು ಗಮನಿಸಿದ್ದಾರೆ.

ಆದ್ದರಿಂದ ಈ ಕ್ಷೇತ್ರದಲ್ಲಿ ಸಂಶೋಧನೆ ಮಾಡುವವರಲ್ಲಿ ಪ್ರಬಂಧಕಾರರದೊಂದು ವಿನಂತಿ. ಸಹಾಯ ಕೇಳುವಾಗ 'ವೆರಿಫೈ ಆಗ್ತಿಲ್ಲ, ಅರ್ಜೆಂಟ್' ಎಂದಷ್ಟೇ ಬರೆಯಬೇಡಿ. ಚಿಪ್ಪಿನ ಮೇಲೆ ಮುದ್ರಿಸಿದ ಹೆಸರನ್ನು ಕೊನೆಯ ಅಕ್ಷರದವರೆಗೆ ಬರೆಯಿರಿ, ತಪ್ಪಿದ ಮೊದಲ ವಿಳಾಸ, ಇರಬೇಕಾದ ಬೈಟು, ಇರುವ ಬೈಟು ತಿಳಿಸಿ, ಎರಡನೇ ಸಲ ಓದಿದಾಗಲೂ ಅದೇ ಬಂತೇ ಎಂದು ಹೇಳಿ. ಅಲ್ಲಿಯವರೆಗೆ ಸೋಲ್ಡರಿಂಗ್ ಐರನ್ನಿನ ಸ್ವಿಚ್ ಆಫ್ ಇರಲಿ.