ಕತ್ತಲಾಯ್ತು ಅನ್ನೋ ಹಾಗಿಲ್ಲ

ಕನ್ನಡದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮಾತು ಯಾವುದು ಅಂತ ಯಾರಾದರೂ ಕೇಳಿದರೆ ನಾನು ತಡವರಿಸದೆ ಹೇಳುತ್ತೇನೆ: ‘ಕತ್ತಲಾಯ್ತು.’ ಬೀದಿಯಲ್ಲಿ ಆಡುವ ಮಕ್ಕಳನ್ನು ಒಳಗೆ ಕರೆಯಲು ಅದು ಸಾಕು. ನೆಂಟರ ಮನೆಯಿಂದ ಮೆಲ್ಲಗೆ ಕಾಲ್ತೆಗೆಯಲು ಅದು ಸಾಕು. ಅಟ್ಟದ ಮೇಲಿನ ಹಳೇ ಪಾತ್ರೆ ಇಳಿಸುವುದೋ, ಹಿತ್ತಲಿನ ಕಳೆ ಕೀಳುವುದೋ, ಮನೆಯವಳು ಹೇಳಿದ ಯಾವ ಕೆಲಸವನ್ನಾದರೂ ನಾಳೆಗೆ ತಳ್ಳಲು ಅದಕ್ಕಿಂತ ಗಟ್ಟಿ ಸಬೂಬು ಇನ್ನೊಂದಿಲ್ಲ. ಮೈಸೂರಿನಲ್ಲಿ ಅರವತ್ತೆಂಟು ವರ್ಷ ಈ ಒಂದೇ ಮಾತಿನ ನೆರಳಿನಲ್ಲಿ ಸುಖವಾಗಿ ಬಾಳಿದವನು ನಾನು. ಅಂಥವನನ್ನು ನನ್ನ ಮಗ ಜೂನ್ ತಿಂಗಳಲ್ಲಿ ನಾರ್ವೆಯ ಟ್ರೊಮ್ಸೊಗೆ ಕರೆಸಿಕೊಂಡ.

ಟ್ರೊಮ್ಸೊ ಇರುವುದು ಭೂಪಟದ ನೆತ್ತಿಯ ಹತ್ತಿರ, ಆರ್ಕ್ಟಿಕ್ ವೃತ್ತಕ್ಕಿಂತಲೂ ಸುಮಾರು 350 ಕಿಲೋಮೀಟರ್ ಮೇಲೆ. ಅಲ್ಲಿ ಮೇ 20ರ ಹೊತ್ತಿಗೆ ಮೇಲೆದ್ದು ಕೂತ ಸೂರ್ಯ ಜುಲೈ 22ರ ಹೊತ್ತಿಗೇ ಕೆಳಗಿಳಿಯುವುದು. ಹೋದ ಮೊದಲ ದಿನ ಊಟ ಮುಗಿಸಿ, ಸೋಂಪು ಅಗಿಯುತ್ತ, ಕತ್ತಲಾಗಲಿ ಮಲಗೋಣ ಅಂತ ಕಿಟಕಿಯ ಹತ್ತಿರ ಕೂತೆ. ಹತ್ತಾಯಿತು. ಹನ್ನೊಂದಾಯಿತು. ಸೊಸೆ ಬಂದು, “ಮಾವ, ಸುಮ್ಮನೆ ಕಾಯಬೇಡಿ, ಕತ್ತಲಾಗೋದು ಆಗಸ್ಟಿಗೆ” ಅಂದಳು. ನಾನು ವಾಪಸು ಹೊರಡುವ ಟಿಕೆಟ್ ಇದ್ದದ್ದು ಜುಲೈ 15ಕ್ಕೆ.

ಕಾರಣ ವಿವರಿಸಿದವನು ಮೊಮ್ಮಗ. ನಾನೇ ಚನ್ನಪಟ್ಟಣದಿಂದ ತಂದುಕೊಟ್ಟ ಬುಗುರಿಯನ್ನು ನನ್ನ ಮುಂದೆ ತಿರುಗಿಸಿ ಪಾಠ ಶುರುಮಾಡಿದ. “ಭೂಮಿ ನೆಟ್ಟಗೆ ನಿಂತು ತಿರುಗಲ್ಲ ತಾತ, ಇಪ್ಪತ್ಮೂರೂವರೆ ಡಿಗ್ರಿ ವಾಲಿಕೊಂಡು ತಿರುಗತ್ತೆ. ಜೂನಲ್ಲಿ ಅದರ ತಲೆ ಸೂರ್ಯನ ಕಡೆ ವಾಲಿರತ್ತೆ. ಎಷ್ಟು ಸುತ್ತು ಹೊಡೆದರೂ ತಲೆ ಮಾತ್ರ ನೆರಳಿಗೆ ಬರಲ್ಲ.” ನಾವು ಕೂತಿದ್ದದ್ದು ಆ ತಲೆಯ ಮೇಲೆ.

ಅಲ್ಲಿಯ ಸೂರ್ಯ ನಮ್ಮವನ ಹಾಗೆ ಪೂರ್ವದಲ್ಲಿ ಹುಟ್ಟಿ, ನೆತ್ತಿಗೆ ಬಂದು, ಪಶ್ಚಿಮದಲ್ಲಿ ಬೀಳುವ ಶಿಸ್ತಿನ ಮನುಷ್ಯನಲ್ಲ. ಹರಕೆ ಹೊತ್ತವನಂತೆ ಊರಿನ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಇರುತ್ತಾನೆ. ಜೂನ್ 21ರಂದು ತೀರಾ ಕೆಳಗಿಳಿದಾಗಲೂ ದಿಗಂತಕ್ಕಿಂತ ಮೂರು ಡಿಗ್ರಿ ಮೇಲೇ ಇರುತ್ತಾನೆ. ನಡುರಾತ್ರಿಯ ಸೂರ್ಯ ಎಂಬ ಹೆಸರಿದ್ದರೂ, ಅಲ್ಲಿಯ ಗಡಿಯಾರದ ಪ್ರಕಾರ ಅವನು ಆ ತಗ್ಗಿಗೆ ಬರುವುದು ಹನ್ನೆರಡೂಮುಕ್ಕಾಲಿಗೆ; ಲೇಟು ಬರುವ ಚಾಳಿ ಅವನಿಗೂ ಇದೆ. ಇನ್ನು ಅಂದಿನ ನಡುಮಧ್ಯಾಹ್ನ ಅವನು ಏರುವ ಎತ್ತರ 44 ಡಿಗ್ರಿ. ಮೈಸೂರಿನ ಡಿಸೆಂಬರ್ ಮಧ್ಯಾಹ್ನದ ಸೂರ್ಯ ಇದಕ್ಕಿಂತ ಹತ್ತು ಡಿಗ್ರಿ ಮೇಲಿರುತ್ತಾನೆ. ಬೆಳಕು ದಂಡಿ, ಬಿಸಿ ಮಾತ್ರ ಕಂಜೂಸಿ. ಇಪ್ಪತ್ನಾಲ್ಕು ಗಂಟೆಯೂ ಬಿಸಿಲು ಕಾಯುತ್ತ ನಾನು ಸ್ವೆಟರ್ ಹಾಕಿಕೊಂಡೇ ಕೂತಿದ್ದೆ.

ನಿದ್ದೆಗೆ ಏನು ಮಾಡುತ್ತಾರೆ? ಮಗ ನಮ್ಮ ಕೋಣೆಗೆ ದಪ್ಪನೆಯ ಕಪ್ಪು ಪರದೆ ತಂದು ಹಾಕಿದ. ರಾತ್ರಿಯನ್ನು ಅಂಗಡಿಯಿಂದ ಮೀಟರ್ ಲೆಕ್ಕದಲ್ಲಿ ಕೊಂಡು ತಂದು ಸರಳಿಗೆ ನೇತುಹಾಕುವ ಜನರನ್ನು ನಾನು ಕಂಡದ್ದು ಅಲ್ಲೇ ಮೊದಲು. ಆದರೆ ಪರದೆಗೂ ಗೋಡೆಗೂ ನಡುವೆ ಎರಡು ಬೆರಳು ಸಂದು ಉಳಿದಿತ್ತು. ಅದರೊಳಗಿಂದ ಒಂದು ಕಿರಣ ತೂರಿ ಬಂದು ಸೀದಾ ನನ್ನ ಎಡಗಣ್ಣನ್ನೇ ಹುಡುಕುತ್ತಿತ್ತು. ಕಣ್ಣಿಗೆ ಬೆಳಕು ಬೀಳುತ್ತಿರುವವರೆಗೆ ಮಿದುಳು ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನನ್ನು ಬಿಡಲು ಹಿಂದೆಮುಂದೆ ನೋಡುತ್ತದಂತೆ. ನನ್ನದಂತೂ ಸರ್ಕಾರಿ ನೌಕರಿಯಲ್ಲಿ ಪಳಗಿದ ಮಿದುಳು. ಮೇಲಿನಿಂದ ಆದೇಶ ಬಾರದೆ ಏನನ್ನೂ ಬಿಡುಗಡೆ ಮಾಡುವುದಿಲ್ಲ. ಪಕ್ಕದ ಫಿನ್ಲೆಂಡಿನವರು ಇಂಥ ರಾತ್ರಿಯನ್ನು ತಮ್ಮ ಭಾಷೆಯಲ್ಲಿ ‘ರಾತ್ರಿಯಿಲ್ಲದ ರಾತ್ರಿ’ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸಾಲಾಗಿ ಅರವತ್ತು ಚಿಲ್ಲರೆ ಶಿವರಾತ್ರಿ, ಪ್ರಸಾದವಿಲ್ಲದೆ.

ಊರಿನವರಿಗೆ ಇದರ ಚಿಂತೆಯೇ ಇಲ್ಲ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮುಖವನ್ನೇ ತೋರಿಸುವುದಿಲ್ಲವಾದ್ದರಿಂದ, ಬೇಸಿಗೆಯಲ್ಲಿ ಸಿಕ್ಕ ಬೆಳಕನ್ನು ಒಂದು ತೊಟ್ಟೂ ಚೆಲ್ಲದೆ ಬಳಸುತ್ತಾರೆ. ಜೂನಿನಲ್ಲಿ ಮಧ್ಯರಾತ್ರಿಯ ಬಿಸಿಲಿನಲ್ಲಿ ಮ್ಯಾರಥಾನ್ ಓಡುತ್ತಾರೆ. ಎದುರುಮನೆಯ ಹಿರಿಯರು ರಾತ್ರಿ ಹತ್ತೂವರೆಗೆ ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ನಮ್ಮವಳು ಅವರನ್ನೂ ನನ್ನನ್ನೂ ಒಂದೊಂದು ಸಲ ನೋಡಿ, “ವಯಸ್ಸು ನಿಮ್ಮದೇ ಇರಬೇಕು ಕಣ್ರೀ” ಅಂದಳು. ಅಷ್ಟೇ ಅಂದದ್ದು.

ಊರಿನಾಚೆ ಒಂದು ಬೆಟ್ಟ. ಅದಕ್ಕೆ ನೇಪಾಳದ ಶೆರ್ಪಾಗಳು ಬಂದು ಕಟ್ಟಿಕೊಟ್ಟ 1,200 ಕಲ್ಲಿನ ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ನಲವತ್ತು ವರ್ಷ ‘ಬಿಸಿಲು’, ‘ಕತ್ತಲು’ ಎಂಬ ಎರಡೇ ಮಾತಿನಲ್ಲಿ ತಪ್ಪಿಸಿಕೊಂಡವನು ನಾನು. ರಾತ್ರಿ ಹತ್ತು ಗಂಟೆಗೆ ಆ ಬೆಟ್ಟದ ಬುಡದಲ್ಲಿ ನಿಂತಾಗ ಎರಡೂ ಮಾತು ಕೈಕೊಟ್ಟವು. ಹತ್ತಿದೆ. ಮಂಡಿ ಇವತ್ತಿಗೂ ಅದರ ವರದಿ ಒಪ್ಪಿಸುತ್ತಿದೆ.

ಸ್ವಾಲ್ಬಾರ್ಡ್ ದ್ವೀಪಸಮೂಹದ ಹಿಮಸಾರಂಗಗಳು ಸೂರ್ಯ ಮುಳುಗದ ಈ ದಿನಗಳಲ್ಲಿ ಹಗಲುರಾತ್ರಿಯ ಲೆಕ್ಕವನ್ನೇ ಕೈಬಿಟ್ಟು, ಹಸಿದಾಗ ಮೇಯ್ದು, ಸಾಕೆನಿಸಿದಾಗ ಮಲಗಿಬಿಡುತ್ತವೆ ಅಂತ ಸಂಶೋಧಕರು ಬರೆದಿದ್ದಾರೆ. ಪುಣ್ಯವಂತ ಪ್ರಾಣಿಗಳು. ಅವಕ್ಕೆ ಎದುರುಮನೆಯವರಿಲ್ಲ.

ನಮ್ಮವಳ ಕಷ್ಟ ಬೇರೆ. ಸಂಜೆ ದೇವರಿಗೆ ದೀಪ ಹಚ್ಚಬೇಕು, ಸಂಜೆಯೇ ಇಲ್ಲ. ಎರಡು ದಿನ ತಳಮಳಿಸಿ ಕೊನೆಗೆ ಮೈಸೂರಿನ ತಂಗಿಗೆ ಫೋನು ಹಚ್ಚಿದಳು. ಅಲ್ಲಿ ಹೊತ್ತು ಮುಳುಗಿದಾಗ ಇಲ್ಲಿ ದೀಪ ಅಂತ ಇತ್ಯರ್ಥವಾಯಿತು. ಅಂದಿನಿಂದ ಮಧ್ಯಾಹ್ನ ಮೂರೂಕಾಲಿಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ನಮ್ಮ ಮನೆಯಲ್ಲಿ ಮುಸ್ಸಂಜೆ. ನಾನು ನಗುವಷ್ಟರಲ್ಲಿ ಮಗ ತಡೆದ. ಬೇಸಿಗೆಯಲ್ಲಿ ರಂಜಾನ್ ಬಂದಾಗ ಇಲ್ಲಿಯ ಮುಸ್ಲಿಮರೂ ಮೆಕ್ಕಾದ ಹೊತ್ತು ನೋಡಿ ಉಪವಾಸ ಬಿಡುತ್ತಿದ್ದರಂತೆ. ಸೂರ್ಯ ಕೈಬಿಟ್ಟರೆ ಯಾರೇ ಆದರೂ ತವರನ್ನೇ ಕೇಳಬೇಕು. ಒಂದು ಅನುಕೂಲವೂ ಆಯಿತು: ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು, ಕಸ ಗುಡಿಸಬಾರದು ಎಂಬ ನಿಯಮದಿಂದ ಮೂರೂಕಾಲಿನ ನಂತರ ಕಸಬರಿಗೆ ನನ್ನ ಕೈಗೆ ಬರುವುದು ನಿಂತಿತು.

ಮನುಷ್ಯರ ಒಂದು ವರ್ಷ ದೇವತೆಗಳಿಗೆ ಒಂದು ದಿನ, ಉತ್ತರಾಯಣ ಅವರ ಹಗಲು, ದಕ್ಷಿಣಾಯನ ಅವರ ರಾತ್ರಿ ಅಂತ ನಮ್ಮ ಹಿರಿಯರು ಹೇಳಿದ್ದರಲ್ಲ, ಉತ್ತರಧ್ರುವದಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಅಂದಾಗ ಅದು ನೆನಪಾಗುತ್ತದೆ. ಬಾಲಗಂಗಾಧರ ತಿಲಕರಂತೂ 1903ರಲ್ಲಿ ಒಂದು ಪುಸ್ತಕವನ್ನೇ ಬರೆದು, ವೇದಗಳಲ್ಲಿ ಬರುವ ಉದ್ದುದ್ದ ಉಷಃಕಾಲಗಳನ್ನು ಸಾಕ್ಷಿಗೆ ಕರೆದು, ನಮ್ಮ ಪೂರ್ವಜರ ಮೂಲ ಮನೆ ಆರ್ಕ್ಟಿಕ್ಕೇ ಅಂತ ವಾದಿಸಿದರು. ಇಂದಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ನಾನಂತೂ ವಿದ್ವಾಂಸನಲ್ಲ. ಆದರೆ ಒಂದು ವೇಳೆ ಅದು ನಿಜವಾಗಿದ್ದರೆ ಅವರು ದಕ್ಷಿಣಕ್ಕೆ ಯಾಕೆ ವಲಸೆ ಬಂದರು ಅಂತ ಪುರಾವೆ ಸಮೇತ ಹೇಳಬಲ್ಲೆ: ನಿದ್ದೆ ಮಾಡಲು.

ಟ್ರೊಮ್ಸೊದ ಪಶ್ಚಿಮಕ್ಕೆ ಸೊಮ್ಮಾರೊಯ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯವರಿಗೆ ಗಡಿಯಾರವೇ ಬೇಡವಂತೆ, ಸೇತುವೆಗೆ ಕೈಗಡಿಯಾರ ಬಿಚ್ಚಿ ಕಟ್ಟಿದ್ದಾರಂತೆ ಎಂದು 2019ರಲ್ಲಿ ಜಗತ್ತಿಗೆಲ್ಲ ಸುದ್ದಿಯಾಯಿತು. ಆಮೇಲೆ ನೋಡಿದರೆ ಅದು ಪ್ರವಾಸಿಗರನ್ನು ಸೆಳೆಯುವ ಪ್ರಚಾರ. ಇಷ್ಟಕ್ಕೆ ಅಷ್ಟು ದೂರ ಹೋಗಬೇಕೆ? ಸಂಜೆ ಐದು ಗಂಟೆಗೆ ಸರಿಯಾಗಿ ಅಂತ ಅಚ್ಚು ಹಾಕಿಸಿದ ನಮ್ಮ ಕಡೆಯ ಯಾವ ಸಭೆಗಾದರೂ ಬನ್ನಿ, ಗಡಿಯಾರವಿಲ್ಲದ ಊರನ್ನು ಪುಕ್ಕಟೆ ತೋರಿಸುತ್ತೇವೆ.

ಹೊರಡುವ ಹಿಂದಿನ ಶನಿವಾರ ಧಾರವಾಡದ ಕಡೆಯ ಗಂಡಹೆಂಡತಿ ಕಾಫಿಗೆ ಅಂತ ಐದಕ್ಕೆ ಬಂದರು. ಕಾಫಿಯಾಯಿತು, ಹರಟೆಯಾಯಿತು, ಊಟವೂ ಆಯಿತು. ಒಂಬತ್ತು, ಹತ್ತು, ಹನ್ನೊಂದು. ಅವರು ಆಗಾಗ ಕಿಟಕಿ ನೋಡಿ, “ಇನ್ನೂ ಹೊತ್ತದ ಬಿಡ್ರಿ” ಅನ್ನುವರು. ನಾವು ಆಕಳಿಕೆ ನುಂಗಿಕೊಂಡು, “ಹೌದು, ಏನವಸರ” ಅನ್ನುವೆವು. ಹೊರಗೆ ಸೂರ್ಯ ತನ್ನ ಪಾಡಿಗೆ ಪ್ರದಕ್ಷಿಣೆ ಹಾಕುತ್ತಿದ್ದ. ಹನ್ನೆರಡೂವರೆಗೆ ನಮ್ಮವಳು ಮೆಲ್ಲಗೆ ಎದ್ದು ಒಳಗೆ ಹೋಗಿ ಕುಂಕುಮದ ಭರಣಿ ತಂದು ಆಕೆಯ ಮುಂದೆ ಹಿಡಿದಳು. ಐದು ನಿಮಿಷದಲ್ಲಿ ಅವರ ಕಾಲಲ್ಲಿ ಚಪ್ಪಲಿ ಇತ್ತು. ಬಾಗಿಲಲ್ಲಿ ಯಜಮಾನರು ನನ್ನ ಕಿವಿಯ ಹತ್ತಿರ ಬಾಗಿ, “ಒಂಬತ್ತಕ್ಕ ಹೋಗಬೇಕಂತ ಮಾಡಿದ್ವಿರಿ. ಕತ್ತಲಾಗಲಿ ಅಂತ ಕುಂತ್ವಿ ನೋಡ್ರಿ” ಅಂದರು.

ಬಾಗಿಲು ಹಾಕಿ, ನಿಟ್ಟುಸಿರು ಬಿಟ್ಟು, ಕಪ್ಪು ಪರದೆಯ ಕೋಣೆಯ ಕಡೆ ಹೆಜ್ಜೆ ಇಟ್ಟೆ. ಹಿಂದಿನಿಂದ ದನಿ ಬಂತು: “ರೀ, ಹೇಗೂ ಬೆಳಕಿದೆಯಲ್ಲ, ಆ ಪಾತ್ರೆಗಳನ್ನು ಒರೆಸಿಟ್ಟು ಮಲಗಿ.”

ಭರಣಿ ಇನ್ನೂ ಅವಳ ಕೈಯಲ್ಲೇ ಇತ್ತು. ನನಗೂ ಒಂದು ಚಿಟಿಕೆ ಕೊಟ್ಟು ಕಳಿಸಬಾರದಿತ್ತೆ?